ಲಾಗಿನ್ ಆದವರ ವ್ಯಾಕರಣ

ಐದನೇ ತರಗತಿಯಲ್ಲಿ ಎ ಬಿ ಸಿ ಡಿ ತಿದ್ದಿ, ಹೈಸ್ಕೂಲಿನಲ್ಲಿ ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನು ಉರು ಹೊಡೆದು, ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಕನ್ನಡ ಮಾಧ್ಯಮದ ನಮ್ಮ ಪೀಳಿಗೆಗೆ ಇಂಗ್ಲಿಷು ಎರಡು ದಿಕ್ಕಿನಿಂದ ಬಂತು. ಒಂದು ಪುಸ್ತಕದ ಇಂಗ್ಲಿಷು, ಇನ್ನೊಂದು ಪರದೆಯ ಇಂಗ್ಲಿಷು. ಪುಸ್ತಕದ ಇಂಗ್ಲಿಷಿನಲ್ಲಿ 'ಪುಟ್ ಆಫ್', 'ಲುಕ್ ಆಫ್ಟರ್', 'ಗಿವ್ ಅಪ್' ಇದ್ದವು. ಅವುಗಳಿಗೆ ಫ್ರೇಸಲ್ ವರ್ಬ್ ಎಂದು ಹೆಸರು. ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಬರುತ್ತಿದ್ದವು, ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತಿದ್ದವು. ಪರದೆಯ ಇಂಗ್ಲಿಷಿನಲ್ಲಿ ಲಾಗಿನ್, ಬ್ಯಾಕಪ್, ಸೆಟಪ್ ಇದ್ದವು. ಅವನ್ನು ಯಾರೂ ಪಾಠ ಮಾಡಲಿಲ್ಲ, ಆದರೆ ದಿನವೂ ಬಳಸಿದೆವು. ಪುಸ್ತಕದ್ದೂ ಪರದೆಯದ್ದೂ ಒಂದೇ ಕುಲದ ಮಾತುಗಳು ಎಂಬುದನ್ನು ಮಾತ್ರ ನಮಗೆ ಹೇಳಿದವರಿಲ್ಲ. ಆ ಕಾಲದಿಂದ ಇವತ್ತಿನವರೆಗೂ ನಮ್ಮ ಕಚೇರಿಗಳ ಇಂಗ್ಲಿಷ್ ಪತ್ರಗಳಲ್ಲಿ, ಸುತ್ತೋಲೆಗಳಲ್ಲಿ, ಅರ್ಜಿಯ ಸೂಚನೆಗಳಲ್ಲಿ 'ಪ್ಲೀಸ್ ಲಾಗಿನ್' ಎಂದು ಒಂದೇ ಪದವಾಗಿ ಬರೆಯುವುದು ನಡೆದೇ ಇದೆ. ಅಲ್ಲಿ ಬೇಕಾದದ್ದು ಎರಡು ಪದದ 'ಲಾಗ್ ಇನ್'. ಇದನ್ನು ಅಜ್ಞಾನ, ಅವಸರ, ಅಸಡ್ಡೆ ಎಂದು ತಳ್ಳಿಹಾಕುವವರಿದ್ದಾರೆ. ಹಿಂತಿರುಗಿ ನೋಡಿದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಇದು ಕನ್ನಡದ ವ್ಯಾಕರಣ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿದ್ದರ ಗುರುತು; ಆ ಕೆಲಸವನ್ನು ತಪ್ಪು ಜಾಗದಲ್ಲಿ ಮಾಡಿದೆ, ಅಷ್ಟೇ.

ಮೊದಲು ಆ ಪದದ ಹುಟ್ಟನ್ನು ನೋಡೋಣ. 'ಲಾಗ್' ಎಂದರೆ ಮರದ ತುಂಡು. ಹಾಯಿಹಡಗಿನ ಕಾಲದಲ್ಲಿ ಹಡಗಿನ ವೇಗ ಅಳೆಯಲು ಹಗ್ಗಕ್ಕೆ ಕಟ್ಟಿದ ಒಂದು ಮರದ ತುಂಡನ್ನು ಹಿಂಭಾಗದಿಂದ ನೀರಿಗೆ ಎಸೆಯುತ್ತಿದ್ದರು. ಹಗ್ಗದಲ್ಲಿ ನಿಯತ ಅಂತರಕ್ಕೊಂದು ಗಂಟು. ಮರಳಿನ ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈಯಿಂದ ಜಾರಿಹೋದವು ಎಂದು ಎಣಿಸಿದರೆ ವೇಗ ಗೊತ್ತಾಗುತ್ತಿತ್ತು. ಹಡಗಿನ ವೇಗವನ್ನು ಇಂದಿಗೂ 'ನಾಟ್' ಲೆಕ್ಕದಲ್ಲಿ ಹೇಳುವುದು ಆ ಗಂಟಿನಿಂದಾಗಿ. ಈ ಲೆಕ್ಕವನ್ನು ಬರೆದಿಡುವ ಪುಸ್ತಕ 'ಲಾಗ್ ಬುಕ್' ಆಯಿತು. ಬರಬರುತ್ತ ಪುಸ್ತಕವೇ 'ಲಾಗ್' ಎನ್ನಿಸಿಕೊಂಡಿತು, ಅದರಲ್ಲಿ ದಾಖಲಿಸುವುದು 'ಟು ಲಾಗ್' ಎಂಬ ಕ್ರಿಯೆಯಾಯಿತು. ಯಂತ್ರದೊಳಕ್ಕೆ ಹೋಗುವಾಗ ತನ್ನ ಹೆಸರನ್ನು ದಾಖಲಿಸುವುದು 'ಲಾಗ್ ಇನ್'. ನಮ್ಮ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕಚೇರಿಯೊಳಗೆ ಹೋಗುವುದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಇಲ್ಲಿ 'ಲಾಗ್' ಎನ್ನುವುದು ಮಾಡುವ ಕೆಲಸ, 'ಇನ್' ಎನ್ನುವುದು ದಿಕ್ಕು. ಕೆಲಸಕ್ಕೆ ಕಾಲದ ಪ್ರತ್ಯಯ ಹತ್ತುತ್ತದೆ, ದಿಕ್ಕಿಗೆ ಹತ್ತುವುದಿಲ್ಲ. ಆದ್ದರಿಂದಲೇ ಇಂಗ್ಲಿಷಿನಲ್ಲಿ ಭೂತಕಾಲ 'ಲಾಗ್ಡ್ ಇನ್' ಆಗುತ್ತದೆಯೇ ಹೊರತು 'ಲಾಗಿನ್ಡ್' ಆಗುವುದಿಲ್ಲ. ಪ್ರತ್ಯಯ ನಡುವೆ ನುಗ್ಗಲು ಜಾಗ ಬೇಕು, ಆ ಜಾಗವೇ ಎರಡು ಪದಗಳ ನಡುವಿನ ಬಿಡುವು. 'ಸೆಟ್ ಅಪ್', 'ಬ್ಯಾಕ್ ಅಪ್' ಮುಂತಾದವುಗಳಲ್ಲಿ ಕರ್ಮಪದವೂ ಅದೇ ಬಿಡುವಿಗೆ ಬಂದು ಕೂರುತ್ತದೆ: 'ಸೆಟ್ ಇಟ್ ಅಪ್'. ಆದರೆ ಆ ಕ್ರಿಯೆಗೆ, ಅದಕ್ಕೆ ಬಳಸುವ ಹೆಸರಿಗೆ, ಅದು ನಡೆಯುವ ಪುಟಕ್ಕೆ ಹೆಸರಿಡುವಾಗ ಪ್ರತ್ಯಯದ ಗೊಡವೆಯಿಲ್ಲ, ಬಿಡುವೂ ಬೇಡ. 'ಲಾಗಿನ್' ಒಂದೇ ಪದ. ಇಂಗ್ಲಿಷಿನ ನಿಯಮ ಇಷ್ಟೇ.

ನಿಯಮ ಇಷ್ಟು ಸರಳವಾಗಿದ್ದೂ ನಮ್ಮ ಕೈಗೆ ಸಿಗದೆ ಹೋದದ್ದಕ್ಕೆ ಮೊದಲ ಕಾರಣ ಯಂತ್ರವೇ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯೊಂದನ್ನು ತೋರಿಸಿದರು. ಹಲವರು ಬಳಸುವಾಗ ಬಂದವರು ಯಾರು ಎಂದು ಗುರುತಿಸಬೇಕಲ್ಲ. ಹೆಸರು, ಗುಪ್ತಪದಗಳ ಪದ್ಧತಿ ಬೆಳೆದದ್ದು ಅಂಥ ವ್ಯವಸ್ಥೆಗಳಲ್ಲಿ. 1969ರ ಅಕ್ಟೋಬರ್ 29ರ ರಾತ್ರಿ ಕ್ಯಾಲಿಫೋರ್ನಿಯಾದ ಎರಡು ಕಂಪ್ಯೂಟರುಗಳ ನಡುವೆ ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್‌ನ ಮೊಟ್ಟಮೊದಲ ಸಂದೇಶ ಹೋದಾಗ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ ಟೈಪ್ ಮಾಡಹೊರಟದ್ದೂ ಇದೇ ಪದವನ್ನು. ಮೊದಲ ಎರಡು ಅಕ್ಷರ ತಲುಪುವಷ್ಟರಲ್ಲಿ ಆ ತುದಿಯ ಯಂತ್ರ ಕೈಕೊಟ್ಟಿತು. ಇಂಟರ್ನೆಟ್ಟಿನ ಇತಿಹಾಸ ಹೀಗೆ ಅರ್ಧ ಲಾಗಿನ್‌ನಿಂದ ಶುರುವಾಯಿತು ಎಂದು ತಮಾಷೆ ಮಾಡುವವರಿದ್ದಾರೆ. ಮುಂದೆ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಂತು. ಅಲ್ಲಿ ಆಜ್ಞೆ ಕೊಡುವಾಗ ಖಾಲಿ ಜಾಗಕ್ಕೆ ಒಂದು ವಿಶೇಷ ಅರ್ಥವಿತ್ತು: ಆಜ್ಞೆಯ ಹೆಸರು ಮುಗಿಯಿತು, ಇನ್ನು ಮುಂದಿನದು ಆಜ್ಞೆಗೆ ಒಪ್ಪಿಸುವ ಸಾಮಗ್ರಿ. ಹಾಗಾಗಿ ಆಜ್ಞೆಯ ಹೆಸರಿನ ನಡುವೆ ಬಿಡುವು ಇಡುವಂತಿರಲಿಲ್ಲ, ಕೂಡಿಸಿಯೇ ಬರೆಯಬೇಕಿತ್ತು. 1986ರಿಂದ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಯೋಜನೆಯ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆಗಳಲ್ಲಿ ಜಾಲ ಸೇರಿದವರು, 1995ರ ಆಗಸ್ಟ್ 15ರಂದು ವಿಎಸ್ಎನ್ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದ ಮೇಲೆ ಅಕ್ಷರ ಮಾತ್ರ ಕಾಣಿಸುವ ಅಗ್ಗದ ಶೆಲ್ ಅಕೌಂಟ್ ಪಡೆದ ವಿದ್ಯಾರ್ಥಿಗಳು, ಎಲ್ಲರೂ ಕಂಡದ್ದು ಒಂದೇ ದೃಶ್ಯ. ಮೋಡೆಮ್ ಕಿರುಚಾಡಿ ಸುಮ್ಮನಾದ ಮೇಲೆ ಕಪ್ಪು ಪರದೆಯ ಮೇಲೆ 'ಲಾಗಿನ್', ಪಕ್ಕದಲ್ಲಿ ಎರಡು ಚುಕ್ಕೆ. ಅದರ ಕೆಳಗೆ 'ಪಾಸ್‌ವರ್ಡ್', ಮತ್ತೆ ಎರಡು ಚುಕ್ಕೆ. ಎರಡೂ ನಾಮಪದಗಳು, ನಿಮ್ಮ ಹೆಸರು ಇಲ್ಲಿ, ಗುಪ್ತಪದ ಇಲ್ಲಿ ಎನ್ನುವ ಚೀಟಿಗಳು. ನಮ್ಮ ಪೀಳಿಗೆಯವರ ಕಣ್ಣಿಗೆ ಈ ಪದ ಮೊದಲು ಬಿದ್ದದ್ದೇ ನಾಮಪದವಾಗಿ, ಕೂಡಿಕೊಂಡ ರೂಪದಲ್ಲಿ. ಅದಕ್ಕೊಂದು ಬಿಡಿಸಿದ ರೂಪ ಇದೆಯೆಂದು ಊಹಿಸಲು ಅಲ್ಲಿ ಯಾವ ಸುಳಿವೂ ಇರಲಿಲ್ಲ.

ಆದರೆ ಯಂತ್ರದ ಮೇಲೇ ಎಲ್ಲ ಹೊರೆ ಹಾಕುವುದು ನ್ಯಾಯವಲ್ಲ. ಇಂಗ್ಲಿಷೂ ಈ ವಿಷಯದಲ್ಲಿ ಪರದೇಶಿಯರನ್ನು ಕಾಡುವ ಭಾಷೆ. ಇದನ್ನು ನಾವು ಕಂಡುಹಿಡಿಯಬೇಕಾಗಿಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ. ಕ್ರಿಯಾಪದದ ಹಿಂದೆ ಪುಟ್ಟ ಪದವೊಂದನ್ನು ಸೇರಿಸಿ ಅರ್ಥವನ್ನೇ ಬದಲಿಸುವ ಈ ಪದ್ಧತಿ ಹೊರಗಿನವರಿಗೆ ಅತಿ ದೊಡ್ಡ ತೊಡಕು, ಅದಕ್ಕೇ ಅವನ್ನು ಎಚ್ಚರದಿಂದ ಕಲೆಹಾಕಿದ್ದೇನೆ ಎಂಬುದು ಅವನ ಮಾತಿನ ಸಾರ. ಇವಕ್ಕೆ 'ಫ್ರೇಸಲ್ ವರ್ಬ್' ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಎಷ್ಟೋ ತಡವಾಗಿ. ಲೋಗನ್ ಪಿಯರ್ಸಾಲ್ ಸ್ಮಿತ್ 1925ರ ಪುಸ್ತಕವೊಂದರಲ್ಲಿ ಅದನ್ನು ಬಳಸಿದ; ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ. ಇವುಗಳಿಂದ ನಾಮಪದ ಮಾಡುವುದರಲ್ಲಿ ಇಂಗ್ಲಿಷಿಗೆ ಎರಡು ದಾರಿಗಳಿವೆ. ಹಳೆಯ ದಾರಿಯಲ್ಲಿ ದಿಕ್ಕಿನ ಪದ ಮುಂದೆ ಬರುತ್ತಿತ್ತು: ಇನ್‌ಕಮ್, ಔಟ್‌ಕಮ್, ಡೌನ್‌ಫಾಲ್, ಔಟ್‌ಬ್ರೇಕ್. ಹೊಸ ದಾರಿಯಲ್ಲಿ ಅದು ಹಿಂದೆಯೇ ಉಳಿಯುತ್ತದೆ: ಬ್ರೇಕ್‌ಡೌನ್, ಟೇಕಾಫ್, ವಾಕೌಟ್. ಎರಡೂ ದಾರಿಯಲ್ಲಿ ನಡೆದು ಬೇರೆ ಬೇರೆ ಊರು ಸೇರಿದ ಪದಗಳೂ ಉಂಟು. ಬಜೆಟ್ಟಿನಲ್ಲಿ 'ಔಟ್‌ಲೇ' ಎಂದರೆ ವಿನಿಯೋಗ, ಬೆಂಗಳೂರಿನಲ್ಲಿ 'ಲೇಔಟ್' ಎಂದರೆ ಬಡಾವಣೆ. 'ಔಟ್‌ಲುಕ್' ಎಂದರೆ ಮುನ್ನೋಟ, 'ಲುಕೌಟ್' ಎಂದರೆ ತಲೆಮರೆಸಿಕೊಂಡವರಿಗಾಗಿ ವಿಮಾನ ನಿಲ್ದಾಣಗಳಿಗೆ ಹೋಗುವ ಸೂಚನೆ. 'ಸೆಟಪ್' ತಿರುಗಿಸಿದರೆ 'ಅಪ್‌ಸೆಟ್', ಅರ್ಥ ಪೂರ್ತಿ ಬೇರೆ. ಬರವಣಿಗೆಯಲ್ಲೂ ಇಂಗ್ಲಿಷು ಬಹುಕಾಲ ನಿರ್ಧಾರಕ್ಕೆ ಬರಲಿಲ್ಲ. ನಮ್ಮ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ 'ಲಾಕ್-ಔಟ್', 'ಲೇ-ಆಫ್' ಎಂದು ನಡುವೆ ಅಡ್ಡಗೆರೆ ಇತ್ತು. 2007ರ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟು ಒಂದೇ ಏಟಿಗೆ ಸುಮಾರು 16,000 ಪದಗಳ ಅಡ್ಡಗೆರೆ ಕಿತ್ತುಹಾಕಿತು. ಆದರೂ ಈ ಎಲ್ಲ ಗಲಿಬಿಲಿ ನಾಮಪದದ ಕಡೆಯದು. ಕ್ರಿಯಾಪದವಾಗಿ 'ಲಾಕ್ ಔಟ್', 'ಬ್ರೇಕ್ ಡೌನ್' ಎರಡು ಪದಗಳಾಗಿಯೇ ನಿಂತಿವೆ.

ಇಂಗ್ಲಿಷರ ಮಕ್ಕಳು ಈ ವ್ಯತ್ಯಾಸವನ್ನು ನಿಯಮ ಓದಿ ಕಲಿಯುವುದಿಲ್ಲ, ಕಿವಿಯಿಂದ ಕಲಿಯುತ್ತಾರೆ. ಕ್ರಿಯಾಪದವಾದಾಗ ಒತ್ತು ಹಿಂದಿನ ಪುಟ್ಟ ಪದದ ಮೇಲೂ ಬೀಳುತ್ತದೆ, ಎಷ್ಟೋ ಸಲ ಅಲ್ಲಿಯೇ ಜೋರಾಗಿ ಬೀಳುತ್ತದೆ. ನಾಮಪದವಾದಾಗ ಒತ್ತು ಮೊದಲ ಪದಕ್ಕೆ ಸರಿಯುತ್ತದೆ. ಎರಡು ಒತ್ತು ಕೇಳಿದರೆ ಎರಡು ಪದ, ಒಂದು ಒತ್ತು ಕೇಳಿದರೆ ಒಂದು ಪದ. ಅವರ ಕಾಗುಣಿತ ಉಚ್ಚಾರಣೆಗೆ ನಿಷ್ಠವಾಗಿರುವ ಅಪರೂಪದ ಎಡೆಗಳಲ್ಲಿ ಇದೊಂದು. ನಮ್ಮ ಕಿವಿಗೆ ಇದು ದಕ್ಕುವುದಿಲ್ಲ, ಏಕೆಂದರೆ ಕನ್ನಡದಲ್ಲಿ ಒತ್ತು ಬದಲಾದರೆ ಅರ್ಥ ಬದಲಾಗುವುದಿಲ್ಲ. ಹಾಗೆಂದು ಕ್ರಿಯೆಗೂ ಹೆಸರಿಗೂ ಇರುವ ಭೇದ ನಮಗೆ ಗೊತ್ತಿಲ್ಲವೆಂದಲ್ಲ. ಕೆಡು–ಕೇಡು, ಪಡು–ಪಾಡು, ಬಿಡು–ಬೀಡು: ಹ್ರಸ್ವವಿದ್ದರೆ ಕ್ರಿಯೆ, ದೀರ್ಘವಿದ್ದರೆ ನಾಮಪದ. ಇಂಗ್ಲಿಷು ಒತ್ತಿನಿಂದ ಮಾಡುವುದನ್ನು ಇಲ್ಲಿ ಕನ್ನಡ ದೀರ್ಘದಿಂದ ಮಾಡಿದೆ. ಶಾಲೆಯ ಮೆಟ್ಟಿಲು ಹತ್ತದವರೂ 'ಹಾಲು ಕೇಡುತ್ತದೆ' ಎನ್ನುವುದಿಲ್ಲ, 'ಅವನಿಗೆ ಕೆಡು ಬಗೆದರು' ಎನ್ನುವುದಿಲ್ಲ. 'ಪ್ಲೀಸ್ ಲಾಗಿನ್' ಎಂಬ ಬರಹ ಇಂಗ್ಲಿಷ್ ಓದುಗನ ಕಣ್ಣಿಗೆ ಚುಚ್ಚುವುದು ಹೆಚ್ಚು ಕಡಿಮೆ 'ಹಾಲು ಕೇಡುತ್ತದೆ' ಎಂಬುದು ನಮ್ಮನ್ನು ಚುಚ್ಚುವ ಬಗೆಯಲ್ಲೇ. ಸ್ವಲ್ಪ ಕಡಿಮೆ, ನಿಜ; ಅಲ್ಲಿ ತಪ್ಪಿದ್ದು ಒಂದು ಖಾಲಿ ಜಾಗ, ಇಲ್ಲಿ ಒಂದು ಸ್ವರ. ಆದರೆ ಜಾತಿ ಅದೇ.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ಕನ್ನಡ ಇಂಗ್ಲಿಷಿನಿಂದ ಈ ಜೋಡಿಗಳನ್ನು ಹೇಗೆ ತೆಗೆದುಕೊಂಡಿದೆ ಎಂದು ಒಮ್ಮೆ ಸುತ್ತ ನೋಡಿ. ಎಚ್ಎಸ್ಆರ್ ಲೇಔಟ್, ಬಿಟಿಎಂ ಲೇಔಟ್ ಎಂದು ಬೆಂಗಳೂರಿನ ಅರ್ಧ ವಿಳಾಸಗಳು ಒಂದು ಫ್ರೇಸಲ್ ವರ್ಬಿನ ನಾಮಪದದ ಮೇಲೆ ನಿಂತಿವೆ. ಚಿತ್ರಮಂದಿರಗಳ ಮುಂದೆ ಆಕಾಶ ಮುಟ್ಟುವಂತೆ ಡಾ. ರಾಜ್‌ಕುಮಾರರ, ವಿಷ್ಣುವರ್ಧನರ ಕಟೌಟ್ ನಿಂತದ್ದನ್ನು, ಅವಕ್ಕೆ ಹಾರ ಬಿದ್ದದ್ದನ್ನು ಕಂಡ ಪೀಳಿಗೆ ನಮ್ಮದು. ಆ ಪದ ಯಾವುದನ್ನೋ ಕತ್ತರಿಸಿ ತೆಗೆಯುವ ಕ್ರಿಯೆಯಿಂದ ಬಂದದ್ದೆಂದು ಹಾರ ಹಾಕಿದವರಿಗೂ ನೋಡಿದವರಿಗೂ ಹೊಳೆದಿರಲಾರದು, ಹೊಳೆಯಬೇಕಾಗಿಯೂ ಇರಲಿಲ್ಲ. ಆಸ್ಪತ್ರೆಯ ಚೆಕಪ್, ನಾಟಕದ ಮೇಕಪ್ಪು ಮತ್ತು ಗೆಟಪ್ಪು, ಕಾರ್ಖಾನೆಯ ಲಾಕೌಟು, ವಿಧಾನಸಭೆಯ ವಾಕೌಟು, 2020ರ ಲಾಕ್‌ಡೌನು. ಆಡುಮಾತಿನಲ್ಲಿ 'ಬಿಲ್ಡಪ್ ಕೊಡಬೇಡ' ಎಂದು ಬೈಯುವಾಗ ಇಂಗ್ಲಿಷಿನವನಿಗೆ ಅರ್ಥವೇ ಆಗದ ಹೊಸ ಅರ್ಥವನ್ನೂ ಕೊಟ್ಟು ಸಾಕಿದ್ದೇವೆ. ಇವುಗಳಲ್ಲೆಲ್ಲ ಒಂದು ಸಮಾನ ಅಂಶವಿದೆ. ಕನ್ನಡ ಇವನ್ನು ಕ್ರಿಯಾಪದವಾಗಿ ಒಳಗೆ ಬಿಟ್ಟುಕೊಂಡಿಲ್ಲ, ನಾಮಪದವಾಗಿ ಬಿಟ್ಟುಕೊಂಡಿದೆ. ಕ್ರಿಯೆ ಬೇಕಾದಾಗ ತನ್ನದೇ 'ಮಾಡು' ಅಥವಾ 'ಆಗು' ಹಚ್ಚುತ್ತದೆ: ಬ್ಯಾಕಪ್ ಮಾಡು, ವಿಮಾನ ಟೇಕಾಫ್ ಆಯಿತು, ಲಾಗಿನ್ ಆದೆ. ಮೂಲದಲ್ಲಿ ಕ್ರಿಯಾಪದವೇ ಆಗಿದ್ದ 'ಫಿಗರ್ ಔಟ್' ಕೂಡ ಐಟಿ ಕಚೇರಿಯ ಕನ್ನಡದಲ್ಲಿ 'ಫಿಗರ್ ಔಟ್ ಮಾಡ್ತೀನಿ' ಆಗುತ್ತದೆ. ಕಾಲ, ಪುರುಷ, ವಚನ ಎಲ್ಲವನ್ನೂ ಹೊರುವುದು 'ಮಾಡು', 'ಆಗು'ಗಳೇ. ಎರವಲು ಪದ ಅಲುಗಾಡದೆ ಕೂತಿರುತ್ತದೆ. ಹೊರಗಿನ ಪದ ಯಾವುದೇ ಇರಲಿ, ನೇರವಾಗಿ ಪ್ರತ್ಯಯ ಹತ್ತಿಸಿಕೊಳ್ಳುವ ಹಕ್ಕನ್ನು ಈ ಕಾಲದ ಕನ್ನಡ ಸುಲಭಕ್ಕೆ ಕೊಡುವುದಿಲ್ಲ. ತಮಿಳಿನ 'ಪಣ್ಣು', ತೆಲುಗಿನ 'ಚೇಯು', ಹಿಂದಿಯ 'ಕರ್ನಾ' ಮಾಡುವುದೂ ಇದನ್ನೇ.

ಇದರ ಪರಿಣಾಮ ನಮ್ಮ ಇಂಗ್ಲಿಷಿನ ಮೇಲೆ ಏನಾಯಿತು? ಕನ್ನಡದ 'ಲಾಗಿನ್ ಆಗಿ' ಎಂಬುದನ್ನು ಇಂಗ್ಲಿಷಿಗೆ ದಾಟಿಸುವಾಗ 'ಆಗಿ' ಉದುರಿಹೋಗುತ್ತದೆ, ಉಳಿದ 'ಲಾಗಿನ್' ಕ್ರಿಯಾಪದದ ಕುರ್ಚಿಯಲ್ಲಿ ಕೂರುತ್ತದೆ. ಇದು ಬರೀ ಊಹೆಯಲ್ಲ ಎನ್ನಲು ಇನ್ನೂ ಎದ್ದು ಕಾಣುವ ಸಾಕ್ಷ್ಯವಿದೆ. ನಮ್ಮಲ್ಲಿ 'ಮೈ ಫೋನ್ ವಾಸ್ ಸ್ವಿಚ್ ಆಫ್' ಎನ್ನುವುದು ಎಷ್ಟು ಸಾಮಾನ್ಯ! ಇಂಗ್ಲಿಷಿಗೆ ಬೇಕಾದದ್ದು 'ಸ್ವಿಚ್ಡ್ ಆಫ್'. ಕನ್ನಡದ 'ಫೋನ್ ಸ್ವಿಚ್ ಆಫ್ ಆಗಿತ್ತು' ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ 'ಆಗಿತ್ತು' ಇದ್ದಲ್ಲಿ 'ವಾಸ್' ಬಂದಿದೆ, ಎರವಲು ಪದ ಹೇಗಿತ್ತೋ ಹಾಗೇ ಉಳಿದಿದೆ. 'ದಿ ಬಸ್ ಗಾಟ್ ಬ್ರೇಕ್‌ಡೌನ್' ಎನ್ನುವ ವಾಕ್ಯವೂ ಹೀಗೆಯೇ 'ಬಸ್ಸು ಬ್ರೇಕ್‌ಡೌನ್ ಆಯಿತು' ಎಂಬುದರ ತದ್ರೂಪು. ಇಂಗ್ಲಿಷಿನಲ್ಲಿ 'ಬ್ರೋಕ್ ಡೌನ್' ಎಂದರೆ ಮುಗಿಯುತ್ತಿತ್ತು. ಇಂಥ ವಾಕ್ಯ ಆಡುವವರಿಗೆ 'ಬ್ರೋಕ್' ಎಂಬ ರೂಪ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 'ಬ್ರೇಕ್, ಬ್ರೋಕ್, ಬ್ರೋಕನ್' ಎಂದು ಬಾಯಿಪಾಠ ಮಾಡಿದವರೇ ಅವರು. ಅದು ನೆನಪಿಗೆ ಬಾರದೆ ಇರುವುದಕ್ಕೆ ಕಾರಣ, ಅವರ ಮನಸ್ಸಿನಲ್ಲಿ 'ಬ್ರೇಕ್‌ಡೌನ್' ಎಂಬುದು 'ಬ್ರೇಕ್' ಎಂಬ ಕ್ರಿಯಾಪದದ ಸಂಬಂಧಿಯೇ ಅಲ್ಲ. ಅದು ಬಸ್ಸಿಗೆ ಬರುವ ಒಂದು ಕಾಯಿಲೆಯ ಹೆಸರು.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ನನಗೆ ಗೊತ್ತು. 'ಪ್ಲೀಸ್ ಲಾಗಿನ್' ಎಂದು ಅಮೆರಿಕದವರೂ ಬರೆಯುತ್ತಾರೆ, ಬ್ರಿಟನ್ನಿನವರೂ ಬರೆಯುತ್ತಾರೆ; ಅವರಿಗೇನು ಕನ್ನಡ ಬರುತ್ತದೆಯೇ? ನ್ಯಾಯವಾದ ಪ್ರಶ್ನೆ. ಅವರೂ ಬರೆಯುತ್ತಾರೆ, ಅದಕ್ಕೆ ಬೇರೆ ಕಾರಣಗಳಿವೆ. ಯಂತ್ರದ ಆಜ್ಞೆಯ ಕಥೆಯನ್ನು ಆಗಲೇ ಹೇಳಿದೆ. ಇನ್ನೊಂದು ಕಾರಣ 'ಡೌನ್‌ಲೋಡ್', 'ಅಪ್‌ಲೋಡ್' ಎಂಬ ನೆರೆಹೊರೆಯವರು. ಇವುಗಳಲ್ಲಿ ದಿಕ್ಕಿನ ಪದ ಮುಂದಿದೆ, ಕೆಲಸದ ಪದ ಕೊನೆಯಲ್ಲಿದೆ. ಪ್ರತ್ಯಯ ಕೊನೆಗೆ ಹತ್ತುವುದರಿಂದ ನಡುವೆ ಬಿಡುವು ಬೇಕಿಲ್ಲ, ಕ್ರಿಯೆಯಾಗಿಯೂ ಹೆಸರಾಗಿಯೂ ಅವು ಒಂದೇ ಪದ. ಒಂದೇ ಪರದೆಯ ಮೇಲೆ ಡೌನ್‌ಲೋಡ್ ಗುಂಡಿಯ ಪಕ್ಕ ಲಾಗಿನ್ ಗುಂಡಿ ಇದ್ದಾಗ ಕಣ್ಣು ಮೋಸಹೋಗುವುದು ಸಹಜ. ಆದರೆ ಅವರ ತಪ್ಪು ಕಣ್ಣಿನದು, ಕಾಗುಣಿತದ್ದು; ಬಾಯಿಗೆ ಬಂದಾಗ ಅವರು ತಪ್ಪುವುದಿಲ್ಲ. 'ಪ್ಲೀಸ್ ಲಾಗಿನ್' ಎಂದು ಬರೆದವನೇ ಮರುಕ್ಷಣ 'ಐ ಲಾಗ್ಡ್ ಇನ್' ಎನ್ನುತ್ತಾನೆ, 'ಫೋನ್ ವಾಸ್ ಸ್ವಿಚ್ ಆಫ್' ಎಂದು ಸಾಯುವವರೆಗೂ ಹೇಳುವುದಿಲ್ಲ. ತಪ್ಪು ಒಂದೇ ಥರ ಕಂಡರೂ ಬೇರು ಬೇರೆ. ಅವರಿಗೆ ಒಂದು ಖಾಲಿ ಜಾಗ ಸೇರಿಸಿದರೆ ಸಾಕು, ನಮಗೆ ಪದದ ಒಳಗಿನ ಕ್ರಿಯಾಪದವೇ ಕಾಣಬೇಕು. ಇತ್ತೀಚೆಗೆ ಅನೇಕ ಕಂಪನಿಗಳು 'ಸೈನ್ ಇನ್' ಎಂದು ಬದಲಿಸಿಕೊಂಡಿವೆ. ಸಮಸ್ಯೆ ಅದರಲ್ಲೂ ಇದೆ, ಆದರೆ ಅದನ್ನು ಕೂಡಿಸಿ ಬರೆದರೆ ರೋಮನ್ ಲಿಪಿಯಲ್ಲಿ ವಿಕಾರವಾಗಿ ಕಾಣುವುದರಿಂದ ಜನ ತಾವಾಗಿಯೇ ಬಿಡಿಸಿ ಬರೆಯುತ್ತಾರೆ. ನಿಯಮ ಮಾಡಲಾರದ್ದನ್ನು ಕುರೂಪ ಮಾಡಿದ ಒಂದು ಉದಾಹರಣೆ.

ಎರಡನೆಯ ಆಕ್ಷೇಪಣೆ: ಅರ್ಥವಾದರೆ ಸಾಲದೇ, ಭಾಷೆ ಬದಲಾಗುತ್ತದಲ್ಲ? ಬಹುಪಾಲು ಸಂದರ್ಭಗಳಲ್ಲಿ ಅರ್ಥವಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಎಲ್ಲ ಸಂದರ್ಭಗಳಲ್ಲಿ ಅಲ್ಲ. 'ಬ್ಯಾಕ್ ಅಪ್ ಫೈಲ್ಸ್' ಎಂದು ಬಿಡಿಸಿ ಬರೆದರೆ ಕಡತಗಳ ನಕಲು ಮಾಡಿಟ್ಟುಕೋ ಎಂಬ ಆದೇಶ. 'ಬ್ಯಾಕಪ್ ಫೈಲ್ಸ್' ಎಂದು ಕೂಡಿಸಿದರೆ ಈಗಾಗಲೇ ಮಾಡಿಟ್ಟ ನಕಲುಗಳು. ಕೆಲಸಗಳ ಪಟ್ಟಿಯಲ್ಲಿ ಇದೊಂದು ಸಾಲು ಇದ್ದು, ಓದಿದವನು ನಕಲುಗಳು ಆಗಲೇ ಇವೆಯೆಂದು ತಿಳಿದು ಮುಂದಿನ ಸಾಲಿಗೆ ಹೋದರೆ ಹೋಗುವುದು ಕಾಗುಣಿತದ ಮರ್ಯಾದೆ ಮಾತ್ರವಲ್ಲ, ಕಡತಗಳೂ ಹೋಗಬಹುದು. ಇನ್ನು ಬದಲಾವಣೆಯ ಮಾತು. ಭಾಷೆ ಬದಲಾಗುತ್ತದೆ ಎನ್ನುವುದು ಸತ್ಯ, ಆದರೆ ಆಗಿಲ್ಲದ ಬದಲಾವಣೆಯನ್ನು ಆಗಿದೆಯೆಂದು ಹೇಳಲು ಅದನ್ನು ಬಳಸುವಂತಿಲ್ಲ. 'ಇನ್‌ಪುಟ್' ಹೆಸರಾಗಿ ಬಂದು ಕ್ರಿಯಾಪದವೂ ಆಯಿತು, 'ಇನ್‌ಪುಟೆಡ್' ಎಂಬ ಭೂತಕಾಲವೂ ಚಾಲ್ತಿಗೆ ಬಂತು. ಅಲ್ಲಿ ಬದಲಾವಣೆ ನಿಜವಾಗಿ ನಡೆದಿದೆ. ಲಾಗಿನ್‌ಗೆ ಅದು ಆಗಿಲ್ಲ. 'ಹಿ ಲಾಗಿನ್ಸ್ ಎವರಿ ಡೇ', 'ಶಿ ಲಾಗಿನ್ಡ್' ಎಂದು ಇಂಗ್ಲಿಷಿನ ಒಳ್ಳೆಯ ಬರಹಗಾರರು ಬರೆಯತೊಡಗಿದ ದಿನ ನಾನೂ ಈ ವಾದ ಕೈಬಿಡುತ್ತೇನೆ. ಭೂತಕಾಲ ಒಪ್ಪದ ಕ್ರಿಯಾಪದವನ್ನು ಕ್ರಿಯಾಪದ ಎನ್ನುವುದು ಹೇಗೆ?

ಮೂರನೆಯ ಆಕ್ಷೇಪಣೆ ಸ್ವಲ್ಪ ಬಿಸಿಯಾದದ್ದು. ಪರಭಾಷೆಯ ಒಂದು ಖಾಲಿ ಜಾಗಕ್ಕಾಗಿ ಇಷ್ಟು ತಲೆಕೆಡಿಸಿಕೊಳ್ಳುವುದು ಗುಲಾಮಗಿರಿಯಲ್ಲವೇ ಎಂದು ಕೇಳುವವರಿದ್ದಾರೆ. ಕಲಿತ ಭಾಷೆಯನ್ನು ಅದರ ಕ್ರಮದಲ್ಲಿ ಬಳಸುವುದು ಗುಲಾಮಗಿರಿಯೆಂದು ನನಗೆ ತೋರುವುದಿಲ್ಲ. ಮನೆಗೆ ಬಂದವರು 'ಹ'ಕಾರ ನುಂಗಿದರೆ ನಗುವ ನಾವು ಬೇರೆಯವರ ಮನೆಯಲ್ಲಿ ವಿನಾಯಿತಿ ಕೇಳುವುದು ಅಷ್ಟು ಚೆನ್ನಾಗಿಲ್ಲ. ಆದರೆ ಆಕ್ಷೇಪಣೆಯಲ್ಲಿ ಒಂದು ತಿರುಳಿದೆ, ಅದನ್ನು ಎತ್ತಿಕೊಳ್ಳಬೇಕು. ಇಂಗ್ಲಿಷ್ ನಿಯಮ ಅರಿತ ಮೇಲೆ ಕೆಲವರು ಅದೇ ಕೋಲು ಹಿಡಿದು ಕನ್ನಡದ ಮೇಲೆ ಬರುತ್ತಾರೆ. 'ಲಾಗಿನ್ ಆಗಿ' ಎಂದು ಬರೆದದ್ದನ್ನು 'ಲಾಗ್ ಇನ್ ಆಗಿ' ಎಂದು ತಿದ್ದುತ್ತಾರೆ, ಕ್ರಿಯಾಪದವಲ್ಲವೇ, ಬಿಡಿಸಬೇಕಲ್ಲವೇ ಎನ್ನುತ್ತಾರೆ. ಗುಲಾಮಗಿರಿ ಎಂಬ ಮಾತು ಇಲ್ಲಿಗೆ ಒಪ್ಪುತ್ತದೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ 'ಆಗಿ'. ಲಾಗಿನ್ ಅಲ್ಲಿ ನಾಮಪದ, ನಾಮಪದಕ್ಕೆ ಕೂಡಿದ ರೂಪವೇ ಸರಿ. ಇಂಗ್ಲಿಷ್ ವ್ಯಾಕರಣದ ಪ್ರಕಾರ ನೋಡಿದರೂ ಸರಿ! ನಮ್ಮ ಲಿಪಿಯ ಸ್ವಭಾವವೂ ಇದಕ್ಕೆ ಒತ್ತಾಸೆಯಾಗಿದೆ. ವ್ಯಂಜನದ ಮುಂದೆ ಸ್ವರ ಬಂದರೆ ಅವೆರಡೂ ಒಂದೇ ಅಕ್ಷರವಾಗಿ ಬೆಸೆದುಕೊಳ್ಳುವುದು ಕನ್ನಡದ ರೂಢಿ. ಪಿಕ್ ಮತ್ತು ಅಪ್ ಪಿಕಪ್ ಆದಂತೆ, ಲಾಗ್ ಮತ್ತು ಇನ್ ಲಾಗಿನ್ ಆಗುತ್ತದೆ. ಕೂಡಿಸುವುದಕ್ಕೂ ಬಿಡಿಸುವುದಕ್ಕೂ ಕನ್ನಡಕ್ಕೆ ತನ್ನದೇ ತರ್ಕವಿದೆ. 'ಕೈ ಕೊಟ್ಟ' ಎಂದರೆ ನೆರವಿಗೆ ಕೈ ಚಾಚಿದ, 'ಕೈಕೊಟ್ಟ' ಎಂದರೆ ಮೋಸ ಮಾಡಿದ. ಕೈಮುಗಿ, ಕಣ್ಮುಚ್ಚು ಎಂಬಂಥ ರೂಪಗಳನ್ನು ಹದಿಮೂರನೇ ಶತಮಾನದ ವೈಯಾಕರಣ ಕೇಶಿರಾಜನ ಕಾಲದಿಂದಲೂ ಕ್ರಿಯಾಸಮಾಸವೆಂದು ಬೇರೆಯಾಗಿ ಗುರುತಿಸಿದ್ದೇವೆ. ಅಲ್ಲಿ ಕ್ರಿಯಾಪದವೇ ಕೂಡಿಕೊಳ್ಳುತ್ತದೆ, ಇಂಗ್ಲಿಷಿಗೆ ತದ್ವಿರುದ್ಧವಾಗಿ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಸಂಸ್ಕೃತದ ಚೌಕಟ್ಟಿನ ಎದುರು ವಾದಿಸಿದರು. ಅವರ ಎಲ್ಲ ಸಲಹೆಗಳನ್ನು ಒಪ್ಪದವರೂ ಆ ಮಾತನ್ನು ಇಂಗ್ಲಿಷ್ ಚೌಕಟ್ಟಿಗೂ ಅನ್ವಯಿಸಿ ನೋಡಬಹುದು.

ಶಾಲೆಯಲ್ಲಿ ಇದನ್ನು ಕಲಿಸುವುದು ಕಷ್ಟವಲ್ಲ. ಬಿಟ್ಟ ಸ್ಥಳ ತುಂಬಿಸುವಾಗ 'ಬ್ರೇಕ್ ಡೌನ್' ಹೇಳಿಕೊಟ್ಟ ಮೇಷ್ಟ್ರು ಅದೇ ಉಸಿರಿನಲ್ಲಿ 'ಬ್ರೇಕ್‌ಡೌನ್' ಹೇಳಿಕೊಟ್ಟು, ಮಕ್ಕಳಿಗೆ ಮೊದಲೇ ಗೊತ್ತಿರುವ ಲೇಔಟ್, ಕಟೌಟ್, ಚೆಕಪ್‌ಗಳನ್ನು ಬಿಡಿಸಿ ತೋರಿಸಿ, ಪ್ರತಿಯೊಂದಕ್ಕೂ ಭೂತಕಾಲ ಕೇಳಿದರೆ ಸಾಕು. ಹಾಗೆ ಬಿಡಿಸಿದ ದಿನ ಮಗುವಿಗೆ ತನ್ನ ಊರಿನ ಬೋರ್ಡುಗಳಲ್ಲಿರುವ ಇಂಗ್ಲಿಷ್ ಕ್ರಿಯಾಪದಗಳು ಮೊದಲ ಸಲ ಕಾಣುತ್ತವೆ. ಪುಸ್ತಕದ ಇಂಗ್ಲಿಷನ್ನೂ ಪರದೆಯ ಇಂಗ್ಲಿಷನ್ನೂ ಬೇರೆ ಬೇರೆ ಗೋಡೌನಿನಲ್ಲಿಟ್ಟ ತಪ್ಪನ್ನು ನಮ್ಮ ಪೀಳಿಗೆಯ ಪಠ್ಯಕ್ರಮ ಮಾಡಿತು, ಅದನ್ನು ಮುಂದುವರಿಸಲು ಕಾರಣವಿಲ್ಲ. ಕಚೇರಿಯಲ್ಲಿ ಇಂಗ್ಲಿಷ್ ಸುತ್ತೋಲೆ ಬರೆಯುವವರು ಆ ಪದವನ್ನು ನಿನ್ನೆಯ ಕಾಲಕ್ಕೆ ತಿರುಗಿಸಿ ಒಮ್ಮೆ ಬಾಯಲ್ಲಿ ಹೇಳಿಕೊಂಡು ಬರೆಯಲಿ. ಇನ್ನು ಸರ್ಕಾರಿ ಸೇವೆಗಳ, ಬ್ಯಾಂಕುಗಳ ಕನ್ನಡ ಪುಟಗಳನ್ನು ಸಿದ್ಧಪಡಿಸುವವರಲ್ಲಿ ನನ್ನದೊಂದು ಕೋರಿಕೆ. ಇಂಗ್ಲಿಷ್ ಗುಂಡಿಯನ್ನು ಅಕ್ಷರಕ್ಕೆ ಅಕ್ಷರ ಕನ್ನಡ ಲಿಪಿಗಿಳಿಸಿ 'ದಯವಿಟ್ಟು ಲಾಗ್ ಇನ್' ಎಂದು ಅರ್ಧಕ್ಕೆ ನಿಲ್ಲಿಸಬೇಡಿ. ಅದು ಇಂಗ್ಲಿಷಾಗಿ ಉಳಿಯಲಿಲ್ಲ, ಕನ್ನಡವಾಗಲೂ ಇಲ್ಲ. 'ಲಾಗಿನ್ ಆಗಿ' ಎಂದು ಪೂರ್ತಿ ಬರೆಯಿರಿ.